ಸಪ್ಪಳದ ಜನರೇಟರ್

ಅಂಗಡಿ

ಕೊಲ್ಹಾಪುರದ ಅಂಗಡಿಯವನು ನನ್ನ ಮರಾಠಿ ಕೇಳಿ ತಾನೇ ಕನ್ನಡಕ್ಕೆ ಬಂದ.

“ಜನರೇಟರ್ ಯಾತಕ್ಕ ಬೇಕ್ರೀ ಆಜೋಬಾ?”

“ಮನ್ಯಾಗ ಮಷೀನ್ ಐತಿ. ಹೆಂಡತೀದು.”

“ಹೊಲಿಗಿ ಮಷೀನಾ?” ಎಂದು ನಕ್ಕ.

“ಉಸರಾಡೂದು.”

ಅವನು ನಗು ನಿಲ್ಲಿಸಿದ. ಹೆಂಡತಿಯ ಶ್ವಾಸಕೋಶ ಕೆಟ್ಟಿದೆ. ಆಕ್ಸಿಜನ್ ಮಷೀನು ನಡೆಯುತ್ತಲೇ ಇರಬೇಕು. ಕರೆಂಟ್ ಹೋದರೆ ಒಂದು ಸಣ್ಣ ಸಿಲಿಂಡರ್ ಇದೆ. ಹೆಚ್ಚು ಹೊತ್ತು ಬಾರದು. ಇಚಲಕರಂಜಿಯ ನಮ್ಮ ಶಹಾಪುರದಲ್ಲಿ ಕರೆಂಟ್ ಹೇಳಿ ಹೋಗುವುದಿಲ್ಲ.

ಮಷೀನಿನ ವ್ಯಾಟ್ ಬರೆದುಕೊಂಡು ಹೋಗಿದ್ದೆ. ಅದಕ್ಕಿಂತ ದೊಡ್ಡದನ್ನೇ ತೋರಿಸಿದ. ಆಕ್ಸಿಜನ್ ಮಷೀನು ಶುರುವಾಗುವಾಗ ಹೆಚ್ಚು ಕರೆಂಟ್ ಎಳೆಯುತ್ತದಂತೆ. ಸಪ್ಪಳವಿಲ್ಲದ್ದೂ ಒಂದಿತ್ತು. ಹೆಂಡತಿಗೆ ಫೋನು ಮಾಡಿ ಕೇಳಿದೆ.

“ಬ್ಯಾಡ್ರಿ. ಸಪ್ಪಳ ಇಲ್ಲಂದ್ರ ನಡದೈತೋ ನಿಂತೈತೋ ಹೆಂಗ ತಿಳೀಬೇಕು? ಬಾಯಿ ಬಿಡದವರು ಮನ್ಯಾಗ ಒಬ್ರ ಸಾಕು.”

ಸಪ್ಪಳದ್ದನ್ನೇ ತಂದೆ.

ಕೀಲಿ

ಹೆಂಡತಿಯ ತಮ್ಮ ಗಡಹಿಂಗ್ಲಜ ಕಡೆಯ ಮಹಾಗಾಂವದವನು. ಭಾವ ಅನ್ನಲು ಅವನ ಬಾಯಲ್ಲಿ ಮರಾಠಿಯ ‘ದಾಜಿ’. ಜನರೇಟರ್ ನೋಡಲು ಬಂದ.

“ದಾಜೀ, ಹೊರಗಿಟ್ರ ಕಳ್ರು ಒಯ್ತಾರ. ಪಡಸಾಲ್ಯಾಗ ಇಡೂಣು.”

“ಬ್ಯಾಡ.”

“ಕಿಡಕಿ ತಗದಿಡೂಣಲ್ರೀ.”

“ಅದರ ಹೊಗಿಯೊಳಗ ವಾಸನಿ ಇಲ್ಲದ ವಿಷ ಇರತೈತಿ. ಕಿಡಕಿ ತಗದ್ರೂ ಮಲಗಿದವರು ಏಳೂದಿಲ್ಲ.”

ಅವನು ಹಾರಿ ಹಿಂದೆ ಸರಿದ. ಜನರೇಟರ್ ಇನ್ನೂ ಹಚ್ಚಿಯೇ ಇರಲಿಲ್ಲ.

ಅಂಗಳದ ಆ ತುದಿಗೆ, ಕಿಟಕಿ ಬಾಗಿಲುಗಳಿಂದ ದೂರ ಇಟ್ಟೆವು. ಮೇಲೆ ತಗಡು. ಬೇವಿನ ಮರಕ್ಕೆ ಸರಪಳಿ ಬಿಗಿದು ಕೀಲಿ ಅವನೇ ಹಾಕಿದ. ಸಂಜೆ ಊರಿಂದ ಫೋನು.

“ದಾಜೀ, ಕೀಲಿಕೈ ನನ್ನ ಕಿಸೇದಾಗ ಬಂದೈತಿ. ಚಿಂತಿ ಬಿಡ್ರಿ. ಇನ್ನ ಯಾವ ಕಳ್ಳಗೂ ಸಿಗೂದಿಲ್ಲ.”

ಗಾಳಿ

ನಮ್ಮ ಗಲ್ಲಿಯವರೆಲ್ಲ ಪವರ್‌ಲೂಮಿನ ರಾತ್ರಿ ಪಾಳಿಯವರು. ಹಗಲು ಮಲಗುತ್ತಾರೆ. ಮಗ್ಗ ಬಡಿಯುತ್ತಿದ್ದರೆ ನಿದ್ದೆ, ನಿಂತರೆ ಎಚ್ಚರ.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಮಗ್ಗ ನಿಂತವು, ಗಲ್ಲಿ ಎದ್ದಿತು. ಜನರೇಟರ್ ಹಚ್ಚಿದೆ, ಗಲ್ಲಿ ಮತ್ತೆ ಮಲಗಿತು.

ಸ್ವಲ್ಪ ಹೊತ್ತಿಗೆ ಅದೂ ಒಮ್ಮೆಲೇ ನಿಂತಿತು. ಹೆಂಡತಿಗೆ ಸಿಲಿಂಡರಿನ ನಳಿಕೆ ಹಚ್ಚಿ ಹೊರಬಂದರೆ ಅಂಗಳದ ತುಂಬ ಲುಂಗಿಯ ಜನ.

“ಕಾಕಾ, ಯಾಕ ನಿಂತ್ತು? ಕಾಕೂ ಹೆಂಗದಾರ?”

“ಪೆಟ್ರೋಲ್ ಮುಗೀತು.”

ಪಕ್ಕದ ಮನೆಯವನು ಪೆಟ್ರೋಲಿನ ಡಬ್ಬಿ ಹಿಡಿದು ಓಡಿ ಬಂದ. ಬಾಯಲ್ಲಿ ಹೊತ್ತಿದ ಬೀಡಿ.

“ಬೀಡಿ!” ಎಂದೆ.

“ಇದ ಒಂದ ಐತ್ರೀ ಕಾಕಾ, ತಗೋರಿ,” ಎಂದು ನನ್ನ ಕಡೆ ಚಾಚಿದ.

ನಾಲ್ಕು ಮಂದಿ ಅವನನ್ನು ಗಲ್ಲಿಯ ತುದಿಗೆ ಎಳೆದೊಯ್ದರು. ಡಬ್ಬಿ ಕಸಿದುಕೊಂಡೆ.

“ಹಾಕ್ರಲ್ಲಾ ಮತ್ತ!” ಎಂದರು ಉಳಿದವರು.

“ಎಂಜಿನ್ ಕಾದೈತಿ. ಆರಬೇಕು. ಇಲ್ಲಂದ್ರ ಬೆಂಕಿ.”

ಒಳಗೆ ಸಿಲಿಂಡರಿನ ಮುಳ್ಳು ಇಳಿಯುತ್ತಿತ್ತು. ಮುಳ್ಳು ನೋಡಿ ಬಂದು ಎಂಜಿನ್ ನೋಡುತ್ತಿದ್ದೆ, ಎಂಜಿನ್ ನೋಡಿ ಹೋಗಿ ಮುಳ್ಳು. ಒಬ್ಬ ಟವೆಲ್ ಬೀಸತೊಡಗಿದ. ಇನ್ನೊಬ್ಬ ಮೊರ ತಂದ. ಇಡೀ ಗಲ್ಲಿ ಜನರೇಟರಿಗೆ ಗಾಳಿ ಹಾಕಿತು.

ಒಳಗಿನಿಂದ ದನಿ ಬಂತು: “ಉಸರು ಸಿಗದಾಕಿ ನಾ ಇಲ್ಲಿ ಅದೀನ್ರೆಪಾ!”

ಎಂಜಿನ್ ಆರಿತು. ಪೆಟ್ರೋಲ್ ಹಾಕಿ ಹಗ್ಗ ಎಳೆದೆ. ಡಬಡಬ ಶುರುವಾಯಿತು. ಮಷೀನೂ ನಡೆಯಿತು.

ಎಲ್ಲರೂ ಹೋಗಿ ಮಲಗಿದರು.