ಸತ್ತವರ ತಲೆಗೊಂದು ಖೋಲಿ

ತಲೆಗೊಂದು ಖೋಲಿ ಎಂಬ ಕಾಯ್ದೆ ಮಾಡಿದವರಿಗೆ ತಲೆ ಇತ್ತೋ ಇಲ್ಲವೋ ನಾನರಿಯೆ, ಖೋಲಿಗಳಂತೂ ಬೇಕಾದಷ್ಟಿದ್ದವು. ನಮ್ಮೂರ ದೇಸಾಯರ ವಾಡೆಯಲ್ಲಿ ಇದ್ದ ಜೀವ ಎರಡೇ: ಒಂದು ದೇಸಾಯರು, ಇನ್ನೊಂದು ಅವರ ಗಿಳಿ. ಖೋಲಿಗಳನ್ನು ಕಸ ಗುಡಿಸುವ ಆಳಿಗೂ ಎಣಿಸಲು ಬರುತ್ತಿರಲಿಲ್ಲ. ಅಂಥ ವಾಡೆಯನ್ನು ಬಿಟ್ಟು, ಅದರ ಬೆನ್ನಿಗೆ ಅಂಟಿಕೊಂಡಿದ್ದ ನಮ್ಮ ಬಡವರ ಓಣಿಯ ಮೇಲೆ ಕಾಯ್ದೆಯ ಕಣ್ಣು ಬಿತ್ತು.

ಅದು ದೊಡ್ಡ ಲಡಾಯಿಯ ಕಾಲ. ಅಫಜಲಪುರದ ಅಂಗಡಿಗಳಲ್ಲಿ ಚಿಮಣಿ ಎಣ್ಣೆ ಮಾಯವಾಗಿ, ಹೊತ್ತು ಮುಳುಗುವ ಮೊದಲೇ ಉಂಡು ಮಲಗುತ್ತಿದ್ದೆವು. ದೇಸಾಯರಲ್ಲಿ ದುಡಿದು ಸತ್ತ ಆಳುಗಳ ಮನೆಮಂದಿಗೆ ಆ ಓಣಿಯಲ್ಲಿ ಕಿರಾಯಿ ಇಲ್ಲದೆ ಇರಲು ಬಿಡುವುದು ಹಿರಿಯ ದೇಸಾಯರು ಹಾಕಿಕೊಟ್ಟ ಪದ್ಧತಿ. ನಮ್ಮ ಮನೆಯವರು ವಾಡೆಯ ಅಗಸಿ ಬಾಗಿಲು ಕಾಯುತ್ತಿದ್ದರು. (ಅವರ ಹೆಸರನ್ನು ಬಾಯಿಂದ ಎಂದೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಬೇಕಾದವರು ನೆರೆಮನೆಯ ಕುಲಸುಮಬಿಯನ್ನು ಕೇಳಬಹುದು, ಅವಳಿಗೆ ಆ ನಾಚಿಕೆ ಇಲ್ಲ.) ಅವರು ತೀರಿಕೊಂಡ ಮೇಲೆ ನನಗೆ ‘ಬೇವಾ ಮಾಫಿ’ ಆಯಿತು. ಬೇವಾ ಎಂದರೆ ಗಂಡ ಸತ್ತವಳು. ಮಾಫಿ ಎಂದರೆ ಕಿರಾಯಿ ಬಿಟ್ಟಿದ್ದು.

ನನ್ನ ಅರಮನೆಗೆ ಎರಡು ಖೋಲಿ. ಮುಂದಿನದರಲ್ಲಿ ಒಲೆ ಮತ್ತು ನಾನು. ಕಾಲು ಚಾಚಿದರೆ ಹೊಸ್ತಿಲು. ಒಳಗಿನದರಲ್ಲಿ ಬೀಸುವ ಕಲ್ಲು. ಓಣಿಯವರ ಜೋಳ ಬೀಸಿಕೊಟ್ಟು, ಅದಕ್ಕೆ ಕೊಟ್ಟ ಕಾಳಿನಲ್ಲಿ ನನ್ನ ರೊಟ್ಟಿ ನಡೆಯುತ್ತಿತ್ತು. ಆ ಕಲ್ಲನ್ನು ಯಾರೋ ಪುಣ್ಯಾತ್ಮರು ಗಚ್ಚು ಹಾಕಿ ನೆಲಕ್ಕೆ ಹೂಳಿದ್ದರು. ಕೆಳಗಿನ ಕಲ್ಲಿಗೆ ಸೀಳು ಬಿದ್ದಿದ್ದರಿಂದ ಎಬ್ಬಿಸಿದರೆ ಎರಡು ಹೋಳಾಗುವುದು ಖಂಡಿತ. ಖೋಲಿ ಹೋದರೆ ಕಲ್ಲು ಹೋಯಿತು, ಕಲ್ಲು ಹೋದರೆ ರೊಟ್ಟಿ ಹೋಯಿತು. ಇಷ್ಟೇ ನನ್ನ ಸಂಸ್ಥಾನ.

ದೇಸಾಯರ ವ್ಯವಹಾರ ನೋಡುವ ಹೊಸ ಕಾರಭಾರಿ ಬಸವಂತರಾಯರು ಗುಲಬರ್ಗಾದಿಂದ ಬಂದವರು. ಮೈಮೇಲೆ ಶೇರವಾನಿ, ಬಗಲಲ್ಲಿ ಕೊಡೆ. ಓಣಿಯ ನಡುವೆ ನಿಂತು ಹುಕುಂ ಓದಿದರು: ಒಂದು ತಲೆಗೆ ಒಂದೇ ಖೋಲಿ, ಹೆಚ್ಚಿನದನ್ನು ದೇಸಾಯರ ಹತ್ತಿ ತುಂಬಲು ಬಿಡಬೇಕು, ಬಿಡದಿದ್ದರೆ ಮಾಫಿ ರದ್ದು.

ಕುಲಸುಮಬಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಅವಳದು ಒಂದೇ ಖೋಲಿ.

“ಸಾಬ್, ನಮ್ಮ ಮನಿಯಾಗ ಎಂಟು ತಲಿ ಅವ. ಉಳಿದ ಏಳು ಖೋಲಿ ಯಾವ ಕಡಿ ಅವರಿ? ಇವತ್ತೇ ತೋರಿಸ್ರಿ, ಹಾಸಿಗಿ ಸುತ್ತಿ ಇಟ್ಟೀನಿ.”

“ಬೂಬು, ಇದು ಕಡಿಮಿ ಮಾಡೋ ಕಾಯ್ದೆ. ಹೆಚ್ಚು ಮಾಡೋ ಕಾಯ್ದೆ ಬ್ಯಾರೆ.”

“ಅದು ಯಾವಾಗ ಬರ್ತದ್ರಿ?”

“ಲಡಾಯಿ ಮುಗೀಲಿ.”

“ಹಂಗಾರ ಇದನ್ನೂ ಅವಾಗೇ ತರ್ರಿ. ಎರಡೂ ಕೂಡೇ ಬರ್ಲಿ, ಮದುಮಗ ಮದುಮಗಳು ಬಂದಂಗ.”

ಓಣಿ ನಕ್ಕಿತು. ಬಸವಂತರಾಯರು ನಗಲಿಲ್ಲ, ನಗು ಅವರ ಕಾಯ್ದೆಯಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಕುಲಸುಮಬಿಯ ಇಬ್ಬರು ಮಕ್ಕಳು ನನ್ನ ಒಳಖೋಲಿಯಲ್ಲಿ ಮಲಗಲಿ, ತಲೆ ಸರಿಹೋಗುತ್ತದೆ ಎಂದು ನಾನು ಹೇಳಿ ನೋಡಿದೆ. ಒಂದು ಮನೆಯ ತಲೆಯನ್ನು ಇನ್ನೊಂದು ಮನೆಯಲ್ಲಿ ಎಣಿಸುವುದಿಲ್ಲವಂತೆ.

“ನಮ್ಮ ಕಲ್ಲು ಅದರಿ ಅಲ್ಲಿ” ಎಂದೆ.

“ಕಲ್ಲಿಗೆ ತಲಿ ಇಲ್ಲ, ಮಾಳಮ್ಮ. ಅಮಾಸಿ ದಿನ ಬಂದು ನೋಡ್ತೇನಿ. ಖೋಲಿ ಖಾಲಿ ಇತ್ತಂದ್ರ ಕೀಲಿ ಹಾಕ್ತೇನಿ.”

ಅಮಾವಾಸ್ಯೆ ಎಂದಾಗಲೇ ನನ್ನ ತಲೆಯಲ್ಲಿ ದೀಪ ಹೊತ್ತಿದ್ದು. (ಚಿಮಣಿ ಎಣ್ಣೆ ಇಲ್ಲದ ಕಾಲದಲ್ಲಿ ಇಂಥ ದೀಪಗಳಿಂದ ಹುಷಾರಾಗಿರಬೇಕು.) ಬರುತ್ತಿದ್ದದ್ದು ಹಿರಿಯರ ಅಮಾವಾಸ್ಯೆ. ಅಂದು ಸತ್ತವರಿಗೆ ಎಡೆ ಇಟ್ಟು, ಖೋಲಿಯ ಬಾಗಿಲು ಮುಂದಕ್ಕೆಳೆದು, ಮನೆಮಂದಿಯೆಲ್ಲ ಹೊರಗೆ ಕೂಡುವುದು ನಮ್ಮಲ್ಲಿ ಪದ್ಧತಿ. ಅವರು ಬಂದು ಉಣ್ಣುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ. ಆಮೇಲೂ ಬಾಗಿಲು ಬಡಿದು, ಬರುತ್ತೇವೆ ಎಂದು ಹೇಳಿಯೇ ಹೋಗಬೇಕು. ಆ ಹೊತ್ತಿನಲ್ಲಿ ಒಳಗಿನಿಂದ ಕಲ್ಲು ತಿರುಗಿದ ಸಪ್ಪಳ ಬಂದರೆ ಖೋಲಿ ಖಾಲಿ ಎನ್ನಲು ಯಾವ ಕಾರಭಾರಿಗೆ ಗುಂಡಿಗೆ ಇದೆ?

ಕಲ್ಲು ತಿರುಗಿಸಲು ನಾದಿನಿ ಭಾಗಮ್ಮನನ್ನು ಕೇಳಿದೆ. ಅವಳು ಮಗನ ಮನೆಯಲ್ಲಿದ್ದವಳು.

“ನಾ ಒಲ್ಲೆ ಅತ್ತಿಗಿ. ಅಣ್ಣ ಜೀವ ಬಿಟ್ಟ ಖೋಲಿ ಅದು.”

“ನಿನ್ನ ಅಣ್ಣನೇ ಅಲ್ಲೇನಬೇ? ತಿಂದುಬಿಡ್ತಾರೇನು?”

“ಇದ್ದಾಗೇ ನನ್ನ ಹೋಳಿಗಿ ಕಸಗೊಂಡು ತಿಂತಿದ್ದ. ಈಗ ಹ್ಯಾಂಗಾಗ್ಯಾನೋ ಯಾರಿಗಿ ಗೊತ್ತು!”

ಎಡೆಯ ಹೋಳಿಗೆಯಲ್ಲಿ ಅರ್ಧ ಅವಳಿಗೇ ಎಂದು ಒಪ್ಪಂದವಾದ ಮೇಲೆ ಹೂಂ ಎಂದಳು. ಹಿತ್ತಲ ಕಿಂಡಿಯಿಂದ ಒಳಗೆ ಇಳಿದು, ನಾನು ಕೆಮ್ಮಿದ ಕೂಡಲೇ ಬೀಸತಕ್ಕದ್ದು.

ಅಮಾವಾಸ್ಯೆಯ ದಿನ ಮಧ್ಯಾಹ್ನಕ್ಕೇ ಮೋಡ ಕವಿದು ಬೆಳಕು ಬೂದಿಯಾಯಿತು. ಗಾಳಿ ಇಲ್ಲ. ಭೀಮೆಯ ಕಡೆಯಿಂದ ಹಸಿ ಕೆಸರಿನ ವಾಸನೆ ಮಾತ್ರ ಓಣಿಗೆ ಬಂದು ನಿಂತಿತ್ತು. ನಾನು ಒಳಖೋಲಿಯಲ್ಲಿ ಎಡೆ ಇಟ್ಟೆ: ಹೋಳಿಗೆ, ಪುಂಡಿಪಲ್ಯ, ರೊಟ್ಟಿ, ಪಕ್ಕದಲ್ಲಿ ಅವರ ತಂಬಾಕು. ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಹಾಕಿ, ಬುಟ್ಟಿ ಜೋಳವನ್ನು ಪಕ್ಕಕ್ಕಿಟ್ಟು ನಡುವಿನ ಬಾಗಿಲು ಎಳೆದುಕೊಂಡೆ.

ಬಸವಂತರಾಯರು ಕೀಲಿ ಹಿಡಿದೇ ಬಂದರು. ಹಿಂದೆ ಕುಲಸುಮಬಿ, ಅವಳ ಹಿಂದೆ ಅರ್ಧ ಓಣಿ.

“ಬಾಗಿಲು ತೆರೀರಿ.”

“ತೆರಿಯಾಕ ಬರಂಗಿಲ್ರಿ ರಾಯರ. ಒಳಗ ನಮ್ಮ ಮನಿಯವರು ಉಣ್ಣಾಕತ್ಯಾರ.”

“ಯಾರು?”

“ಹುಲೆಪ್ಪ ರೀ, ಇವರ ಗಂಡ” ಎಂದಳು ಕುಲಸುಮಬಿ. ಹೇಳಿದೆನಲ್ಲ, ನಾಚಿಕೆ ಇಲ್ಲ.

“ಆತ ಸತ್ತು ಯಾವ ಕಾಲ ಆಯ್ತು!”

ನಾನು ಕೆಮ್ಮಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ, ಕ್ಷಯದವರು ಕೆಮ್ಮಿದ ಹಾಗೆ ಕೆಮ್ಮಿದೆ.

ಒಳಗೆ ಕಲ್ಲು ತಿರುಗಿತು.

ಮೊದಲು ತಡೆದು ತಡೆದು, ಬಹಳ ದಿನ ಕೆಲಸ ಬಿಟ್ಟವರ ಕೈಯಂತೆ. ಆಮೇಲೆ ಒಂದೇ ಸಮನೆ, ಗರ್ರ್... ಗರ್ರ್... ನನ್ನ ಕಾಲ ಕೆಳಗಿನ ನೆಲ ಸಣ್ಣಗೆ ನಡುಗುತ್ತಿತ್ತು. ಮಕ್ಕಳು ಅವರವರ ತಾಯಂದಿರ ಸೀರೆ ಹಿಡಿದರು. ಬಸವಂತರಾಯರು ತಮ್ಮ ಕೊಡೆಯನ್ನು ಹಿಡಿದರು. ಭಾಗಮ್ಮ ಹೋಳಿಗೆಗೆ ನ್ಯಾಯ ಸಲ್ಲಿಸುತ್ತಿದ್ದಾಳೆ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಆಗ ಬೆನ್ನ ಹಿಂದೆ ಯಾರೋ ಸೆರಗು ಜಗ್ಗಿದರು. ತಿರುಗಿ ನೋಡಿದರೆ ಭಾಗಮ್ಮ.

“ಸಿಟ್ಟಾಗಬ್ಯಾಡ ಅತ್ತಿಗಿ” ಎಂದು ಕಿವಿಯಲ್ಲಿ ಹೇಳಿದಳು. “ಕಿಂಡಿ ತನಕ ಹೋಗಿದ್ದೆ. ಕಾಲು ಏಳಲಿಲ್ಲ. ಹೊಳ್ಳಿ ಬಂದೆ... ಅಲ್ಲಾ, ಒಳಗ ಬೀಸಾಕತ್ತಿದ್ದು ಯಾರ?”

ನಾನು ಅವಳ ಕೈ ಹಿಡಿದು ಬಾಗಿಲ ಕಡೆ ತಿರುಗಿದೆ.

ಕಲ್ಲು ತಿರುಗುತ್ತಲೇ ಇತ್ತು. ಬಾಗಿಲ ಸಂದಿಯಿಂದ ಹಿಟ್ಟಿನ ಬಿಸಿ ವಾಸನೆ, ಅದರ ಹಿಂದೆಯೇ ತಂಬಾಕಿನ ವಾಸನೆ ಬಂತು. ಎಷ್ಟೋ ಹೊತ್ತಿನ ಮೇಲೆ ಸಪ್ಪಳ ತಾನೇ ನಿಂತಿತು. ಬಸವಂತರಾಯರು ಹಿಂದಕ್ಕೆ ಹೆಜ್ಜೆ ಇಡುತ್ತ ಬೀದಿಯವರೆಗೆ ಹೋಗಿ, ಬೆವರು ಒರೆಸಿಕೊಂಡರು. ಅವರಿಗೆ ದೆವ್ವದ ಅಂಜಿಕೆ ಇತ್ತು, ಸುಳ್ಳಲ್ಲ. ಆದರೆ ದೇಸಾಯರ ಅಂಜಿಕೆ ಅದಕ್ಕಿಂತ ದೊಡ್ಡದು.

“ಒಪ್ಪಿದೆ” ಎಂದರು. “ಖೋಲಿ ಖಾಲಿ ಇಲ್ಲ. ಕೀಲಿ ಹಾಕಂಗಿಲ್ಲ.”

ಓಣಿ ಹೋ ಎಂದಿತು. ನಾನು ಕೈಮುಗಿದೆ.

“ಆದರ ಮಾಳಮ್ಮ, ಗಂಡ ಮನಿಯಾಗ ಇದ್ದಾಕಿ ಬೇವಾ ಹ್ಯಾಂಗ ಆಗ್ತಾಳ? ನಾಳಿಯಿಂದ ಮಾಫಿ ರದ್ದು. ಎರಡೂ ಖೋಲಿಗಿ ಕಿರಾಯಿ ಕೊಡ್ರಿ.”

“ಅಯ್ಯ, ಅವರು ಸತ್ತಾರ್ರಿ!”

“ಸತ್ತವರು ಬೀಸ್ತಾರೇನು? ಊರು ಕೇಳ್ಯದ. ಬೂಬು, ನೀ ಕೇಳಿದೇನು?”

“ಖುದಾ ಸಾಕ್ಷಿ ಕೇಳಿದೆ ಸಾಬ್!” ಎಂದಳು ಕುಲಸುಮಬಿ. ನನಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದಳು ಪಾಪ. “ನಾನೇನು, ಎಲ್ಲಾರೂ ಕೇಳ್ಯಾರ!”

ಎಲ್ಲರೂ ಹೌದ್ರಿ ಹೌದ್ರಿ ಎಂದರು. ಹೀಗೆ ನನ್ನ ಗಂಡ ಪಂಚರ ಸಮಕ್ಷಮದಲ್ಲಿ ಬದುಕಿದರು.

ಮಂದಿ ಚದುರಿದ ಮೇಲೆ ಬಾಗಿಲು ಬಡಿದು, ಬರ್ತೇನ್ರಿ ಎಂದು ಹೇಳಿ ಒಳಗೆ ಹೋದೆ. ಎಡೆ ಇಟ್ಟ ಹಾಗೇ ಇತ್ತು. ಬುಟ್ಟಿ ಬರಿದಾಗಿತ್ತು. ಕಲ್ಲಿನ ಸುತ್ತ ಹಿಟ್ಟು ಬಿದ್ದಿತ್ತು, ಮುಟ್ಟಿದರೆ ಬೆರಳಿಗೆ ತಿಳಿಯದಷ್ಟು ನುಣ್ಣಗೆ. ನನ್ನ ಜನ್ಮದಲ್ಲಿ ನಾನು ಅಷ್ಟು ಸಣ್ಣ ಬೀಸಿಲ್ಲ. ಕಲ್ಲಿನ ಗೂಟಕ್ಕೆ ಕೈ ಹಚ್ಚಿದೆ. ಬೆಚ್ಚಗಿತ್ತು.

ಅಂಜಿಕೆಗೆ ಮೊದಲು ನನಗೆ ಬಂದದ್ದು ಸಿಟ್ಟು.

“ಇದ್ದಾಗ ಒಂದು ದಿನ ಈ ಗೂಟ ಹಿಡೀಲಿಲ್ಲ ನೀವು” ಎಂದೆ. “ಮೈಯಾಗ ಜ್ವರ ಇಟಗೊಂಡು ನಾ ಬೀಸಾಕತ್ತಿದ್ರ, ಬಾಜೂಕ ಕುಂತು ತಂಬಾಕ ತಿಕ್ಕತಿದ್ರಿ. ಈಗ್ಯಾಕ್ರಿ ಈ ಹುರುಪು? ಯಾರು ಕರದಿದ್ರು?”

ಕಲ್ಲಿನ ಆಚೆ ಕಡೆ, ಜೋಡಿಯಾಗಿ ಬೀಸುವವರು ಕೂಡುವ ಜಾಗದಲ್ಲಿ, ನೆಲದ ಹಿಟ್ಟು ಒತ್ತಿದಂತೆ ತಗ್ಗಾಗಿತ್ತು. ನಾನು ಈಚೆ ಕಡೆ ಕುಳಿತೆ. ಎಷ್ಟೋ ವರ್ಷದ ಮೇಲೆ ನನ್ನ ಎದುರಿಗೆ ಒಬ್ಬರು ಕುಳಿತ ಹಾಗಾಯಿತು. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಹೊತ್ತು ಹಾಗೇ ಕುಳಿತೆ.

ಆಮೇಲೆ ಹೇಳಿದೆ: “ನೀವು ಇದ್ರ ನಾ ಕಿರಾಯಿ ಕೊಡಬೇಕಾಗ್ತದ. ನನ್ನ ಕಡಿ ಇಲ್ಲ. ಎದ್ದು ಹೋಗ್ರಿ.”

ಕಲ್ಲು ಅರ್ಧ ಸುತ್ತು ತಿರುಗಿ ನಿಂತಿತು. ನನ್ನ ಭುಜಕ್ಕೆ ತಾಕುವಷ್ಟು ಹತ್ತಿರದಿಂದ ತಣ್ಣಗೇನೋ ದಾಟಿ ಹೋಯಿತು. ಹೊಸ್ತಿಲಲ್ಲಿ ಮಲಗಿದ್ದ ಓಣಿಯ ನಾಯಿ ಎದ್ದು, ಬಾಲ ಒಳಗೆ ಸೇರಿಸಿ, ಯಾರಿಗೋ ದಾರಿ ಬಿಟ್ಟಿತು.

ಬೆಳಿಗ್ಗೆ ಕಚೇರಿಗೆ ಹೋಗಿ ಹೆಮ್ಮೆಯಿಂದ ಹೇಳಿದೆ, “ರಾಯರ, ಅವರು ಹೋದ್ರು. ನಾನೇ ಕಳಿಸಿದೆ. ಈಗ ನಾ ಪಕ್ಕಾ ಬೇವಾ.”

“ಖರೇ ಹೋದ್ರು?”

“ನಿಮ್ಮಾಣಿ ಹೋದ್ರು.”

“ಅಂದ್ರ ಖೋಲಿ ಖಾಲಿ ಆಯ್ತು” ಎಂದು ಬಸವಂತರಾಯರು ಗೋಡೆಯ ಮೊಳೆಗೆ ತೂಗುತ್ತಿದ್ದ ಕೀಲಿ ತೆಗೆದುಕೊಂಡರು.

ಗಂಡ ಇದ್ದರೆ ಮಾಫಿ ಇಲ್ಲ, ಗಂಡ ಇಲ್ಲದಿದ್ದರೆ ಖೋಲಿ ಇಲ್ಲ. ಬಡವರ ಮನೆಯಲ್ಲಿ ಗಂಡಂದಿರು ಹೇಗಿದ್ದರೆ ಈ ಕಾಯ್ದೆಗೆ ಒಪ್ಪಿಗೆ ಎಂದು ಕೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡೆ. ಕೇಳುವಷ್ಟರಲ್ಲಿ ಅವರು ಕೀಲಿ ಹಾಕಿಯಾಗಿತ್ತು. ನಡುವಿನ ಬಾಗಿಲಿಗೆ ಕಲ್ಲು ಮಣ್ಣು ತುಂಬಿ ಗೋಡೆ ಎಬ್ಬಿಸಿದರು. ಹಿತ್ತಲ ಕಿಂಡಿ ಒಡೆದು ಹೊಸ ಬಾಗಿಲು ಮಾಡಿ, ಹತ್ತಿ ಹೊರೆ ತಂದು ತುಂಬಿದರು. ನಾನು ಜೋಳ ಹೊತ್ತುಕೊಂಡು ಕುಲಸುಮಬಿಯ ಮನೆಗೆ ಬೀಸಲು ಹೋಗತೊಡಗಿದೆ. ಕಲ್ಲು ಅವಳದು, ಆದ್ದರಿಂದ ಬಂದ ಕಾಳಿನಲ್ಲಿ ಅರ್ಧ ಅವಳದು. ಅವಳು ಬೇಡ ಎಂದಳು. ಅವಳ ಎಂಟು ತಲೆ ನೋಡಿ ನಾನೇ ಅಳೆದು ಕೊಟ್ಟೆ.

ಹತ್ತಿ ತುಂಬಿ ಬಹಳ ದಿನ ಆಗಿರಲಿಲ್ಲ. ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದೆ, ಗೋಡೆಯ ಆಚೆ ಸಪ್ಪಳ ಕೇಳಿತು. ಗರ್ರ್... ಗರ್ರ್... ಹಿಟ್ಟಿನ ಕೈ ಹಾಗೇ ನಿಂತಿತು. ಬದುಕಿದ್ದಾಗಲೂ ಅವರದು ಇದೇ ಚಾಳಿ; ಸಿಟ್ಟಾಗಿ ಊರು ಬಿಟ್ಟು ಹೋದವರು, ಗಾಣಗಾಪುರದ ತನಕ ಹೋಗಿ, ರೊಟ್ಟಿಯ ಹೊತ್ತಿಗೆ ತಿರುಗಿ ಬರುತ್ತಿದ್ದರು.

ಮರುದಿನ ಬಸವಂತರಾಯರು ಬಂದು ನನ್ನ ಹೊಸ್ತಿಲಿಂದ ದೂರವೇ ನಿಂತರು.

“ಮಾಳಮ್ಮ, ನಿಮ್ಮ ಯಜಮಾನ್ರು ದೇಸಾಯರ ಖೋಲಿಯಾಗ ಬಂದು ಕುಂತಾರ. ಹತ್ತಿ ಮ್ಯಾಲೆಲ್ಲ ಹಿಟ್ಟು. ಆಳುಗಳು ಒಳಗ ಕಾಲಿಡಾಕ ಒಲ್ಲರು.”

“ಅದಕ್ಕ ನಾ ಏನು ಮಾಡ್ಲಿ?”

“ಒಂದು ಖೋಲಿ ಹಿಡದಾರಂದ ಮ್ಯಾಲ ಕಿರಾಯಿ ಆಗ್ತದ. ನೀವು ಅವರ ಹೆಂಡತಿ.”

“ಖೋಲಿಗಿ ಕೀಲಿ ಹಾಕೋ ಮುಂದ ನನಗ ಬೇವಾ ಅಂದ್ರೆಲ್ಲ!”

“ಖೋಲಿ ಮಟ್ಟಿಗಿ ನೀವು ಬೇವಾ” ಎಂದರು ಬಸವಂತರಾಯರು, ಮಗುವಿಗೆ ತಿಳಿಸಿ ಹೇಳುವ ಹಾಗೆ. “ಕಿರಾಯಿ ಮಟ್ಟಿಗಿ ಹೆಂಡತಿ.”

ನಾನು ಒಳಗೆ ಹೋಗಿ ಗೋಡೆಗೆ ಬಾಯಿ ಹಚ್ಚಿದೆ. ಆಚೆ ಕಲ್ಲು ಜೋರಾಗಿ ತಿರುಗುತ್ತಿತ್ತು.

“ಕೇಳಿಸ್ತೇನ್ರಿ?” ಎಂದು ಕೂಗಿದೆ. “ಕಾರಭಾರಿ ಬಂದಾರ. ನೀವು ಕುಂತ ಖೋಲಿಗಿ ಕಿರಾಯಿ ಕೇಳಾಕತ್ಯಾರ!”

ಕಲ್ಲು ತಟ್ಟನೆ ನಿಂತಿತು. ಗೋಡೆಗೆ ಕಿವಿ ಇಟ್ಟು ಎಷ್ಟು ಹೊತ್ತು ನಿಂತರೂ ಆ ಕಡೆಯಿಂದ ಒಂದು ಉಸಿರಿಲ್ಲ, ಒಂದು ಕೆಮ್ಮಿಲ್ಲ. ಖರ್ಚಿನ ಮಾತು ಬಂದ ಹೊತ್ತಿಗೆ ಅವರಷ್ಟು ಸತ್ತವರು ಇನ್ನೊಬ್ಬರಿಲ್ಲ.

ಹೊರಗೆ ಬಂದೆ. ಬಸವಂತರಾಯರು ಕೊಡೆಯನ್ನು ಎಡಗೈಗೆ ಬದಲಾಯಿಸಿಕೊಂಡು, ಬಲಗೈಯನ್ನು ನನ್ನ ಮುಂದೆ ಚಾಚಿ ನಿಂತಿದ್ದರು.