ಹೆಣ್ಣಿಲಿಯೂ ತಾತನ ಎಲೆಡಬ್ಬಿಯೂ

ನಿಮ್ಮ ತಾತನ ತಂಗಿಗೆ ಮನುಷ್ಯರಿಗಿಂತ ಇಲಿಗಳ ಮೇಲೆ ನಂಬಿಕೆ ಹೆಚ್ಚು. ನಾನು ಸುಳ್ಳು ಹೇಳುವವಳೇ, ಮಕ್ಕಳಾ? ಉಡುಮಲೈಪೇಟೆಯ ನೇಕಾರರ ಮನೆಯಲ್ಲಿ ಹುಟ್ಟಿ, ಕೊಯಮತ್ತೂರಿನಲ್ಲಿ ಓದಿ, ನನ್ನ ನಾದಿನಿ ಹಿಡಿದ ಕೆಲಸವೇನು? ಪ್ರಯೋಗಾಲಯದಲ್ಲಿ ಇಲಿಗಳಿಗೆ ಚಟ ಕಲಿಸುವುದು! ನಾವೆಲ್ಲ ಇಲಿ ಹಿಡಿಯಲು ಬೋನಿಟ್ಟರೆ, ಅವಳು ಬೋನಿನೊಳಗೇ ಅಮಲಿನ ಮದ್ದು ಕೊಟ್ಟು, ಯಾವ ಇಲಿ ಮತ್ತೆ ಮತ್ತೆ ಗುಂಡಿ ಒತ್ತಿ ಬೇಡುತ್ತದೆ, ಯಾವುದು ಬಿಡುತ್ತದೆ ಎಂದು ಬರೆದಿಡುತ್ತಾಳೆ.

ಊಟಕ್ಕೆ ಕೂತರೂ ಅದೇ ಮಾತು.

"ಎಷ್ಟೋ ಕಾಲ ಗಂಡಿಲಿಗಳನ್ನೇ ಪರೀಕ್ಷೆ ಮಾಡ್ತಿದ್ರು, ಅತ್ತಿಗೆ. ಹೆಣ್ಣಿಲಿ ಮೈ ದಿನಕ್ಕೊಂದು ಥರ, ತಲೆನೋವು ಅಂತ ಬಿಟ್ಟೇಬಿಟ್ರು!"

"ಮತ್ತೆ ಔಷಧಿ?"

"ಗಂಡಿಗೆ ಒಪ್ಪಿದ್ದೇ ಹೆಣ್ಣಿಗೂ."

ನನ್ನನ್ನು ನೋಡಲು ಬಂದಾಗಲೂ ಹೀಗೇ ಆಯಿತಲ್ಲ! ಹುಡುಗ ಒಪ್ಪಿದನಾ ಎಂದು ಮನೆಯೆಲ್ಲ ಕೇಳಿತು. ನನ್ನನ್ನು ಕೇಳಿದ್ದು ಒಂದೇ: ಕಾಫಿ ಇನ್ನೊಂದು ಲೋಟ ಇದೆಯಾ? (ನಾನೂ ಒಪ್ಪಿದ್ದೆ. ಯಾರಿಗೂ ಹೇಳಲಿಲ್ಲ.)

ಈಗ ನನ್ನ ಗುಟ್ಟು. ನಿಮ್ಮ ತಾತ ನಲವತ್ತು ವರ್ಷ ಹೊಗೆಸೊಪ್ಪು ಹಾಕಿ, ಡಾಕ್ಟರು ಬೇಡವೆಂದ ದಿನವೇ ಬಿಟ್ಟರು. ನಾನು ಶುರು ಮಾಡಿದ್ದು ಅವರು ಹೋದ ಮೇಲೆ. ಹಿತ್ತಾಳೆಯ ಎಲೆಡಬ್ಬಿ ತೆರೆದರೆ ಅವರ ವಾಸನೆ ಬರುತ್ತಿತ್ತು. ವಾಸನೆಗೆಂದು ತೆರೆದವಳು, ಅದರಲ್ಲಿ ಉಳಿದಿದ್ದ ಹೊಗೆಸೊಪ್ಪಿನ ಒಂದು ಚೂರು ಬಾಯಿಗಿಟ್ಟೆ. ಆಮೇಲೆ ದಿನಕ್ಕೆ ಆರು ಸಲವಾಯಿತು. ಹೋದ ತಿಂಗಳು ಕೆನ್ನೆಯೊಳಗೆ ಬಿಳಿ ಮಚ್ಚೆ ಕಂಡು, ಈಗಲೇ ಬಿಡದಿದ್ದರೆ ಕ್ಯಾನ್ಸರಿಗೆ ತಿರುಗಬಹುದು ಎಂದರು ಡಾಕ್ಟರು.

ಸುದ್ದಿ ಕೇಳಿ ನಾದಿನಿ ರಜೆ ಹಾಕಿ ಓಡಿಬಂದಳು. ಅತ್ತಳೇ? ಇಲ್ಲ, ನೋಟ್‌ಬುಕ್ ತೆಗೆದಳು!

"ಎಷ್ಟೋ ಹೆಣ್ಣಿಲಿಗಳೂ ಹೀಗೇ, ಅತ್ತಿಗೆ. ಗಂಡಿಗಿಂತ ಬೇಗ ಸಿಕ್ಕಿಹಾಕ್ಕೊಳ್ತವೆ."

"ನನ್ನನ್ನೂ ಇಲಿ ಮಾಡಿದೆಯಾ?"

"ಅಯ್ಯೋ, ಇಲಿಗಳು ನಿಮಗಿಂತ ಚೆನ್ನಾಗಿ ಮಾತು ಕೇಳ್ತವೆ!"

ಡಬ್ಬಿಯ 'ಟಕ್' ಸದ್ದೇ ಆಸೆ ಎಬ್ಬಿಸುತ್ತದೆಂದು ಅದನ್ನು ತನ್ನ ಚೀಲಕ್ಕೆ ಸೇರಿಸಿದಳು. ಮರುದಿನ ಸಾರಿನ ಪುಡಿಯ ಡಬ್ಬಿ ಟಕ್ ಎಂದಿತು. ನನ್ನ ಕೈ ತಾನಾಗಿ ಸೊಂಟಕ್ಕೆ, ಡಬ್ಬಿ ಕಟ್ಟಿಕೊಳ್ಳುತ್ತಿದ್ದ ಸೆರಗಿನ ಗಂಟಿಗೆ ಹೋಯಿತು.

"ನೋಡಿ, ನೋಡಿ! ಥೇಟ್ ನಮ್ಮ ಇಲಿ!" ಎಂದು ಚಪ್ಪಾಳೆ ತಟ್ಟಿ ಬರೆದುಕೊಂಡಳು.

"ಬರೆದದ್ದು ಸಾಕು. ನಿನ್ನ ಇಲಿ ಬಿಡೋದು ಹೇಗೆ, ಅದನ್ನು ಹೇಳು."

"ಒಂದು ಗುಂಡಿ ಒತ್ತಿದ್ರೆ ಮದ್ದು. ಇನ್ನೊಂದು ಒತ್ತಿದ್ರೆ ಬಾಗಿಲು ತೆರೀತದೆ, ಆಚೆ ಜೊತೆಯ ಇಲಿ ಇರ್ತದೆ. ಬಹಳ ಇಲಿಗಳು ಬಾಗಿಲನ್ನೇ ತೆಗೀತವೆ, ಅತ್ತಿಗೆ."

ಇಲಿಗಿರುವ ಬುದ್ಧಿ ನನಗಿರಲಿಲ್ಲ. ನಾಲ್ಕನೆಯ ಮಧ್ಯಾಹ್ನ ತಡೆಯಲಾಗಲಿಲ್ಲ. ಅವಳು ಮಲಗಿರುತ್ತಾಳೆಂದು, ಡಬ್ಬಿ ಕದಿಯಲು ಮೆಲ್ಲಗೆ ಅವಳ ಕೋಣೆಯ ಬಾಗಿಲು ತಳ್ಳಿದೆ.

ಅವಳು ಮಲಗಿರಲಿಲ್ಲ. ಗೋಡೆಗೊರಗಿ, ತೆರೆದ ಡಬ್ಬಿಯನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಕೂತಿದ್ದಳು. ಜನ್ಮದಲ್ಲಿ ಎಲೆ ಅಡಿಕೆ ಮುಟ್ಟದವಳು!

ನನ್ನನ್ನು ಕಂಡು ಗಾಬರಿಯಾದಳು. "ಇದು... ಪ್ರಯೋಗ," ಎಂದು ಮೂಗೊರೆಸಿಕೊಂಡಳು.

"ಗೊತ್ತು," ಎಂದೆ.

ಚಾಪೆಯ ಮೇಲೆ ಸರಿದು ಜಾಗ ಮಾಡಿಕೊಟ್ಟಳು. ಚಿಕ್ಕವಳಿದ್ದಾಗ ಅವಳ ಅಣ್ಣ, ಅಂದರೆ ನಿಮ್ಮ ತಾತ, ಮಗ್ಗದ ಕೆಳಗೆ ಅವಳನ್ನು ಬಚ್ಚಿಟ್ಟ ಕಥೆ ಅವಳು ಹೇಳಿದಳು. ನೋಡಲು ಬಂದ ದಿನವೇ ನಾನು ಒಪ್ಪಿದ್ದೆ ಎಂದು ನಾನು ಹೇಳಿದೆ. ಕಾಫಿಗೆ ಏಳುವಾಗ ಸಂಜೆಯಾಗಿತ್ತು. ಡಬ್ಬಿ ನಮ್ಮಿಬ್ಬರ ನಡುವೆ ತೆರೆದೇ ಇತ್ತು, ಹೊಗೆಸೊಪ್ಪು ಹಾಗೇ ಇತ್ತು.

ಅವಳು ಅದನ್ನು ಬರೆದುಕೊಳ್ಳಲಿಲ್ಲ.