ಲಿಫ್ಟಿನೊಳಗೆ ಹೋದ ಟಿಂಬೋ

ಚಟಗಳಲ್ಲಿ ಎರಡು ಬಗೆ. ಹೇಳಿಕೊಳ್ಳಬಹುದಾದವು, ಹೇಳಿಕೊಳ್ಳಲಾಗದವು. ಬೀಡಿ, ಇಸ್ಪೀಟು, ನಶ್ಯ ಇವೆಲ್ಲ ಮೊದಲನೆಯ ಬಗೆಗೆ ಸೇರಿದವು. ಹೆಂಡತಿ ಬೈದರೂ ನೆರೆಹೊರೆಯವರಿಗೆ ಅರ್ಥವಾಗುತ್ತದೆ. ‘ಪಾಪ, ಬಿಡಬೇಕು ಅಂತಾನೇ ಇದಾರೆ’ ಎಂದು ಅವರೇ ನಮ್ಮ ಪರವಾಗಿ ಮಾತಾಡುತ್ತಾರೆ. ನನ್ನದು ಎರಡನೆಯ ಬಗೆಯದು. ವಯಸ್ಸು ಮೂವತ್ತೈದು ದಾಟಿತ್ತು, ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕನ ಕುರ್ಚಿ ಇತ್ತು, ತುಮಕೂರಿನ ಬಟವಾಡಿಯ ಬಾಡಿಗೆ ಮನೆಯಲ್ಲಿ ಹೆಂಡತಿ ಮಂಗಳಾ ಮತ್ತು ತಂಗಿ ಶೈಲಾ ಇದ್ದರು. ಇಷ್ಟೆಲ್ಲ ಇದ್ದೂ ನಾನು ನಾಲ್ಕು ಜನ ಇಲ್ಲದವರ ವಾದ್ಯಗೋಷ್ಠಿಯ ಕಟ್ಟಾ ಅಭಿಮಾನಿಯಾಗಿದ್ದೆ. ಇಲ್ಲದವರು ಎಂದರೆ ತೀರಿಕೊಂಡವರಲ್ಲ. ಹುಟ್ಟೇ ಇಲ್ಲದವರು. ಅವರು ಕಾರ್ಟೂನುಗಳು.

ಇದು ಅಂಟಿಕೊಂಡ ಬಗೆಯನ್ನು ಹೇಳಿಬಿಡುತ್ತೇನೆ. ಎರಡು ಸಾವಿರದ ದಶಕದ ಮೊದಲ ವರ್ಷಗಳು. ಮರಳೂರಿನ ಅಂಗಡಿಯೊಂದರಿಂದ ಮಂಗಳಾಗೆಂದು ಒಂದು ಭಕ್ತಿಗೀತೆಗಳ ಸಿಡಿ ತಂದೆ. ಮೇಲಿನ ಕಾಗದದಲ್ಲಿ ದೇವರ ಚಿತ್ರವಿತ್ತು, ಒಳಗೆ ಮಾತ್ರ ‘ರಸ್ಟಿ ಕೆಟಲ್ಸ್’ ಎಂಬ ವಿದೇಶಿ ತಂಡದ ಹಾಡುಗಳಿದ್ದವು. ತುಕ್ಕು ಹಿಡಿದ ಕೆಟಲುಗಳು! ಮಂಗಳಾ ಊದುಬತ್ತಿ ಹಚ್ಚಿಕೊಂಡು ಕೈಮುಗಿದು ನಿಂತಿದ್ದಳು. ದಢದಢ ಎಂದು ಡ್ರಮ್ಮು ಶುರುವಾಯಿತು. ಅವಳು ಊದುಬತ್ತಿ ಬಿಟ್ಟು ಓಡಿಬಂದು ಪ್ಲೇಯರು ಆರಿಸಿದಳು. ವಾಪಸು ಕೊಟ್ಟು ಬನ್ನಿ ಎಂದಳು. ನಾನು ಕೊಡಲಿಲ್ಲ. ಆ ಡ್ರಮ್ಮು ನನ್ನ ಎದೆಗೆ ಇಳಿದುಬಿಟ್ಟಿತ್ತು. ಸೈಬರ್ ಕೆಫೆಗೆ ಹೋಗಿ ಹುಡುಕಿದಾಗ, ಈ ತಂಡದಲ್ಲಿ ರಕ್ತಮಾಂಸದವರು ಯಾರೂ ಕಾಣಿಸಿಕೊಳ್ಳುವುದಿಲ್ಲ, ಬರೆದ ಗೊಂಬೆಗಳೇ ಹಾಡುವುದು, ನುಡಿಸುವುದು, ಜಗಳವಾಡುವುದು ಎಂದು ತಿಳಿಯಿತು. ಅವರಿಗೊಂದು ಕತೆ ಬೇರೆ. ಪ್ರತಿ ಆಲ್ಬಮ್ಮಿನಲ್ಲೂ ಆ ಕತೆ ಮುಂದುವರಿಯುತ್ತದೆ.

ಡ್ರಮ್ಮು ಬಾರಿಸುವವನು ಟಿಂಬೋ. ರಾಗಿ ಮೂಟೆಯಂಥ ಮೈ, ಮೂರೇ ಬೆರಳು, ಸದಾ ಕೈಯಲ್ಲೊಂದು ಬನ್ನು. ಎರಡನೆಯ ಆಲ್ಬಮ್ಮಿನ ಕೊನೆಯ ವಿಡಿಯೋದಲ್ಲಿ ಅವನು ಒಂದು ಹಳೆಯ ಕಟ್ಟಡದ ಲಿಫ್ಟಿನೊಳಗೆ ಹೋಗುತ್ತಾನೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಲಿಫ್ಟು ಕೆಳಗಿಳಿಯುತ್ತದೆ, ಇಳಿಯುತ್ತದೆ, ಇಳಿಯುತ್ತಲೇ ಇರುತ್ತದೆ. ಮೇಲೆ ಬರುವುದಿಲ್ಲ. ಅಷ್ಟಕ್ಕೆ ಮುಗಿಯಿತು. ಎರಡು ವರ್ಷ ಆ ತಂಡದವರು ಉಸಿರೆತ್ತಲಿಲ್ಲ. ನಾನಂತೂ ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ಐದನೇ ಮಹಡಿಗೂ ಮೆಟ್ಟಿಲು ಹತ್ತಿಕೊಂಡೇ ಹೋಗುತ್ತಿದ್ದೆ. ವ್ಯಾಯಾಮ ಎಂದು ಸಹೋದ್ಯೋಗಿಗಳಿಗೆ ಹೇಳುತ್ತಿದ್ದೆ.

ಆಮೇಲೆ ಮೂರನೆಯ ಆಲ್ಬಮ್ಮು ಬಂತು. ಚಿತ್ರಗಳಲ್ಲೆಲ್ಲೂ ಟಿಂಬೋ ಇಲ್ಲ. ಆದರೆ ಹಾಡುಗಳಲ್ಲಿ ಡ್ರಮ್ಮು ಇದೆ! ಅಭಿಮಾನಿಗಳು ಸೇರುವ ಅಂತರ್ಜಾಲದ ಚರ್ಚಾಕೂಟ ಎರಡು ಪಾಲಾಯಿತು. ಟಿಂಬೋ ಸತ್ತಿದ್ದಾನೆ, ಇದು ಹಳೆಯ ರೆಕಾರ್ಡಿಂಗು ಎಂಬುವವರು ಒಂದು ಕಡೆ. ಬದುಕಿದ್ದಾನೆ, ಲಿಫ್ಟಿನ ತಳದಲ್ಲಿ ಕೂತು ಬಾರಿಸುತ್ತಿದ್ದಾನೆ ಎಂಬುವವರು ಇನ್ನೊಂದು ಕಡೆ. ನಾನು ಎರಡನೆಯ ಪಕ್ಷದ ಮುಂದಾಳು. ನನ್ನ ಅಲ್ಲಿನ ಹೆಸರು ‘ಹಾರ್ಟ್‌ಬೀಟ್’. ಸಂಜೆ ಕಚೇರಿ ಬಿಟ್ಟು, ಇಲಾಖೆಯ ಸುತ್ತೋಲೆ ನೋಡಬೇಕೆಂದು ಮನೆಯಲ್ಲಿ ಸುಳ್ಳು ಹೇಳಿ, ಸೈಬರ್ ಕೆಫೆಯಲ್ಲಿ ಕೂತು ಮುರುಕು ಇಂಗ್ಲಿಷಿನಲ್ಲಿ ಪುಟಗಟ್ಟಲೆ ವಾದ ಬರೆಯುತ್ತಿದ್ದೆ. ನನ್ನ ಪ್ರತಿಯೊಂದು ವಾದಕ್ಕೂ ಮಣ್ಣು ಹಾಕಲೆಂದೇ ಒಬ್ಬ ಹುಟ್ಟಿಕೊಂಡಿದ್ದ. ಅವನ ಹೆಸರು ‘ಪೋಸ್ಟ್‌ಮಾರ್ಟಂ’. ಅವನ ಇಂಗ್ಲಿಷೂ ನನ್ನದರಷ್ಟೇ ಮುರುಕಾಗಿದ್ದರಿಂದ ಬಹುಶಃ ಬ್ರೆಜಿಲ್ಲಿನವನಿರಬೇಕು ಎಂದುಕೊಂಡಿದ್ದೆ. ‘ನಿನ್ನಂಥವರಿಗೆ ಹೆಣ ತೋರಿಸಿದರೂ ನಾಡಿ ಹಿಡಿದು ನೋಡುತ್ತೀರಿ’ ಎಂದು ಅವನು ಬರೆದ ದಿನ ನಾನು ಊಟ ಬಿಟ್ಟಿದ್ದೆ.

ಹೀಗಿರುವಾಗ ಶೈಲಾಗೆ ಗುಬ್ಬಿಯಿಂದ ಒಂದು ಸಂಬಂಧ ಬಂತು. ಶೈಲಾ ಕುಣಿಗಲ್ಲಿನ ಹೈಸ್ಕೂಲೊಂದರಲ್ಲಿ ಗಣಿತದ ಮೇಡಂ. ಅಪ್ಪ ಅಮ್ಮ ಇಲ್ಲದ ಕಾರಣ ಅವಳ ಮದುವೆ ನನ್ನ ಹೆಗಲ ಮೇಲಿತ್ತು. ಅದಕ್ಕೂ ಮುಂಚೆ ಮೂರು ಕಡೆಯವರು ಬಂದು ಉಪ್ಪಿಟ್ಟು ತಿಂದು ಹೋಗಿದ್ದರು. ಒಬ್ಬನನ್ನು ಇವಳೇ ಬೇಡವೆಂದಳು. ಹದಿನೇಳರ ಮಗ್ಗಿ ಕೇಳಿದ್ದಕ್ಕೆ ಅವನು ಪಾಠ ಬರದ ಹುಡುಗನ ಹಾಗೆ ಎದ್ದು ನಿಂತನಂತೆ. ಗುಬ್ಬಿಯ ಲೋಕೇಶನ ಫೋಟೋ ನೋಡಿ ಮಾತ್ರ, ‘ಪರವಾಗಿಲ್ಲ ಕಣೋ ಅಣ್ಣ, ಬರಲಿ’ ಎಂದಿದ್ದಳು. ಅವಳ ಬಾಯಲ್ಲಿ ಪರವಾಗಿಲ್ಲ ಎಂದರೆ ನೂರಕ್ಕೆ ತೊಂಬತ್ತು. ಹುಡುಗನಿಗೆ ಕೃಷಿ ಇಲಾಖೆಯಲ್ಲಿ ಕೆಲಸ, ಮನೆಗೆ ತೆಂಗಿನ ತೋಟ. ನಮ್ಮ ಕಡೆಯ ಹಿರಿಯರೆಂದು ಅಮೃತೂರಿನಿಂದ ಅಜ್ಜಿ ಕೆಂಪಮ್ಮನನ್ನು ಕರೆಸಿದೆವು. ಮಂಗಳಾ ನನ್ನನ್ನು ಅಡುಗೆಮನೆಗೆ ಕರೆದು, ‘ನೀವು ಹೆಚ್ಚು ಮಾತಾಡ್ಬೇಡಿ. ಬನ್ನಿ, ಕೂತ್ಕೊಳ್ಳಿ, ತಗೊಳ್ಳಿ. ಈ ಮೂರು ಮಾತು ಸಾಕು’ ಎಂದಿದ್ದಳು. ಒಪ್ಪಿಕೊಂಡಿದ್ದೆ.

ಭಾನುವಾರ ಬೆಳಿಗ್ಗೆ ಹುಡುಗ, ಅವನ ತಂದೆ ರಂಗಶಾಮಯ್ಯ, ದೊಡ್ಡಮ್ಮ ಈ ಮೂವರು ಬಂದರು. ನಾನು ಬನ್ನಿ ಅಂದೆ. ಕೂತ್ಕೊಳ್ಳಿ ಅಂದೆ. ಹಿರಿಯರಿಗೆ ಕೇಸರಿಬಾತು ಕೊಟ್ಟು, ಹುಡುಗನ ತಟ್ಟೆ ಮುಂದೆ ಹಿಡಿದು ತಗೊಳ್ಳಿ ಅನ್ನಬೇಕು, ಅಷ್ಟರಲ್ಲಿ ಲೋಕೇಶನ ಜೇಬಿನಲ್ಲಿ ಮೊಬೈಲು ಹೊಡೆದುಕೊಂಡಿತು. ಢಂ, ಢಢಂ, ಢಂ. ಹೊಸ ಆಲ್ಬಮ್ಮಿನ ಒಂಬತ್ತನೆಯ ಹಾಡಿನ ಡ್ರಮ್ಮು! ನನ್ನ ಕೈಯಿಂದ ತಟ್ಟೆ ಜಾರಿತು.

‘ಈ ಟೋನು ನಿಮಗೆಲ್ಲಿ ಸಿಕ್ತು?’ ಎಂದೆ.

ಹುಡುಗನ ಮುಖ ಅರಳಿತು. ‘ನೀವೂ ಕೆಟಲ್ಸ್ ಕೇಳ್ತೀರಾ? ತುಮಕೂರಲ್ಲಿ ನಾನೊಬ್ನೇ ಅನ್ಕೊಂಡಿದ್ದೆ!’

ನಾವಿಬ್ಬರೂ ಜಾತ್ರೆಯಲ್ಲಿ ಕಳೆದುಹೋಗಿ ಸಿಕ್ಕ ಅಣ್ಣತಮ್ಮಂದಿರ ಹಾಗೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು. ಹಿರಿಯರು ಸಂತೋಷದಿಂದ ತಲೆಯಾಡಿಸಿದರು. ಸಂಬಂಧ ಅಲ್ಲಿಗೇ ಕುದುರಿತು ಎನ್ನಬೇಕು. ಆಗ ಅವನು ನಿಟ್ಟುಸಿರು ಬಿಟ್ಟು, ‘ಏನ್ ಕೈ ಸಾರ್ ಅವನ್ದು. ಪಾಪ, ಸತ್ತು ಎರಡು ವರ್ಷ ಆಯ್ತು’ ಎಂದ.

‘ಸತ್ತಿಲ್ಲ’ ಎಂದೆ. ಮೆಲ್ಲಗೇ ಹೇಳಿದೆ.

‘ಸತ್ತಿದಾನೆ ಸಾರ್. ಹಳೇ ರೆಕಾರ್ಡಿಂಗ್ ಅದು.’

‘ಹಳೇದಾದ್ರೆ ಏಳನೇ ಹಾಡಲ್ಲಿ ಸರಪಳಿ ಸದ್ದು ಎಲ್ಲಿಂದ ಬಂತು? ಲಿಫ್ಟಿನ ಸರಪಳಿ ಅಲ್ವಾ ಅದು?’

ಅವನು ನನ್ನ ಕೈ ಬಿಟ್ಟ. ‘ಈ ಸರಪಳಿ ಮಾತು ಹೇಳೋನು ಪ್ರಪಂಚದಲ್ಲಿ ಒಬ್ನೇ. ನೀವು... ಹಾರ್ಟ್‌ಬೀಟಾ?’

ಬ್ರೆಜಿಲ್ ನನ್ನ ಸೋಫಾದ ಮೇಲೆ ಕೂತಿತ್ತು. ‘ನೀನಾ ಪೋಸ್ಟ್‌ಮಾರ್ಟಂ!’ ಎಂದು ಎದ್ದು ನಿಂತೆ. ಬಹುವಚನವನ್ನೂ ಮರೆತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಮಂಗಳಾ ಕಣ್ಣಿನಲ್ಲೇ ಕೂತ್ಕೊಳ್ಳಿ ಎನ್ನುತ್ತಿದ್ದುದು ಕಂಡಿತು. ಕೂರಲಿಲ್ಲ. ಹೆಣ, ಲಿಫ್ಟು, ಬಾಡಿ ಸಿಕ್ಕಿಲ್ಲ, ಬಾಡಿ ಯಾಕೆ ಸಿಗಬೇಕು, ಹೀಗೆ ನಮ್ಮಿಬ್ಬರ ದನಿ ಏರುತ್ತಾ ಹೋಯಿತು.

ರಂಗಶಾಮಯ್ಯನವರು ಕೇಸರಿಬಾತು ಕೆಳಗಿಟ್ಟರು. ‘ಯಾರು ತೀರ್ಕೊಂಡಿರೋದು?’

‘ಟಿಂಬೋ’ ಎಂದೆವು ಇಬ್ಬರೂ.

ಅಜ್ಜಿಗೆ ಕಿವಿ ಸ್ವಲ್ಪ ಮಂದ. ‘ಯಾವ ತಿಮ್ಮನ್ಲಾ? ನಮ್ಮ ಪೈಕಿನಾ?’ ಎಂದಳು.

ಅಲ್ಲಿಂದ ಮುಂದೆ ಗಾಡಿ ಹಳಿ ತಪ್ಪಿತು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು, ‘ಸೂತಕದ ಮನೇಲಿ ಹೆಣ್ಣು ತೋರಿಸ್ತಾ ಇದೀರಾ? ಒಂದು ಮಾತು ಮೊದಲೇ ಹೇಳ್ಬಾರ್ದಾ?’ ಎಂದು ಎದ್ದೇಬಿಟ್ಟರು. ಸೂತಕವಿಲ್ಲ, ಅವನು ಸತ್ತಿಲ್ಲ ಎಂದು ನಾನು ಕೂಗಿದೆ. ಹಾಗಿದ್ದರೆ ಎಲ್ಲಿದ್ದಾನೆ ಎಂದು ರಂಗಶಾಮಯ್ಯ ಕೇಳಿದರು. ಲಿಫ್ಟಿನಲ್ಲಿ ಹೋದವನು ಎರಡು ವರ್ಷದಿಂದ ವಾಪಸು ಬಂದಿಲ್ಲ ಎಂದೆ. ಸತ್ಯವನ್ನೇ ಹೇಳಿದ್ದೆ. ಅವರ ಮುಖ ಕಪ್ಪಿಟ್ಟಿತು. ‘ಮನೆ ಮನುಷ್ಯ ಎರಡು ವರ್ಷದಿಂದ ನಾಪತ್ತೆ. ನೀವು ಕೇಸರಿಬಾತು ಮಾಡ್ಕೊಂಡು ಕೂತಿದೀರಿ. ಪೊಲೀಸಿಗೆ ಹೇಳಿದೀರಾ, ಅದೂ ಇಲ್ವಾ?’

ಮಂಗಳಾ ಓಡಿಬಂದು, ಅವನು ಮನುಷ್ಯನೇ ಅಲ್ಲ, ಬರೆದ ಚಿತ್ರ ಎಂದು ಸಮಾಧಾನ ಹೇಳಿದಳು. ನಾನು ಕಪಾಟಿನಿಂದ ಎರಡನೆಯ ಆಲ್ಬಮ್ಮಿನ ಸಿಡಿ ತಂದು ಮುಚ್ಚಳದ ಮೇಲಿನ ಟಿಂಬೋನನ್ನು ತೋರಿಸಿದೆ. ಹಿರಿಯರು ಒಬ್ಬರಾದ ಮೇಲೆ ಒಬ್ಬರು ಕನ್ನಡಕ ಹಾಕಿಕೊಂಡು ನೋಡಿದರು. ಈಗ ಎಲ್ಲರೂ ನಕ್ಕು ಸುಮ್ಮನಾಗುತ್ತಾರೆ ಎಂದುಕೊಂಡೆ. ಅಜ್ಜಿ ಮಾತ್ರ ಚಿತ್ರವನ್ನು ಬಹಳ ಹೊತ್ತು ನೋಡಿ, ‘ಒಳ್ಳೇ ಮೈಕೈ ತುಂಬ್ಕೊಂಡವ್ನೆ. ಇಂಥೋನ್ನ ಒಬ್ಬನ್ನೇ ಯಾಕ್ಲಾ ಕಳ್ಸಿದ್ರು ಲಿಪ್ಟಿಗೆ? ಮೆಟ್ಲು ಇರ್ಲಿಲ್ವಾ?’ ಎಂದಳು. ದೊಡ್ಡಮ್ಮ ಮತ್ತೆ ಕೂತರು. ಕರೆಂಟು ಹೋಗಿರಬೇಕು ಎಂದರು. ಕರೆಂಟು ಹೋದರೆ ನಿಲ್ಲುತ್ತದೆ, ಇಳಿಯುವುದಿಲ್ಲ ಎಂದು ಲೋಕೇಶ ತಿದ್ದಿದ. ನೋಡನೋಡುತ್ತಾ ನಮ್ಮ ಹಜಾರವೇ ಚರ್ಚಾಕೂಟವಾಯಿತು. ಹೆಣ್ಣು ನೋಡುವ ಶಾಸ್ತ್ರ ಯಾರ ನೆನಪಿನಲ್ಲೂ ಉಳಿಯಲಿಲ್ಲ.

‘ಹಾಕಪ್ಪಾ ಅದನ್ನ, ಕೇಳಾನ’ ಎಂದರು ರಂಗಶಾಮಯ್ಯ. ಅವರು ವಯಸ್ಸಿನಲ್ಲಿದ್ದಾಗ ನಾಟಕಗಳಿಗೆ ತಬಲಾ ಬಾರಿಸಿದವರಂತೆ. ಮೊದಲು ಹಳೆಯ ಆಲ್ಬಮ್ಮು, ಆಮೇಲೆ ಹೊಸದು ಹಾಕಿದೆ. ಅವರು ಕಣ್ಣುಮುಚ್ಚಿ ತೊಡೆಯ ಮೇಲೆ ಬೆರಳಾಡಿಸುತ್ತಾ ಕೇಳಿದರು. ಲೋಕೇಶ ಅಪ್ಪನ ಬಾಯನ್ನೇ ನೋಡುತ್ತಿದ್ದ, ನಾನೂ ನೋಡುತ್ತಿದ್ದೆ. ಹೈಕೋರ್ಟಿನ ತೀರ್ಪಿಗೂ ನಾನು ಹಾಗೆ ಕಾದವನಲ್ಲ.

ಕೊನೆಗೆ ಕಣ್ಣು ಬಿಟ್ಟು ಹೇಳಿದರು: ‘ಕೈ ಅದೇ. ಹೊಟ್ಟೆ ಬೇರೆ.’

ಅರ್ಥವಾಗಲಿಲ್ಲ ಎಂದೆವು.

‘ಮೊದಲ್ನೇದ್ರಲ್ಲಿ ಹೊಡೆಯೋನು ಹೊಟ್ಟೆ ತುಂಬ ಉಂಡು ಬಂದು ಹೊಡೀತಾವ್ನೆ. ಪೆಟ್ಟು ಭಾರ. ಎರಡನೇದ್ರಲ್ಲಿ ಅದೇ ಕೈ, ಪೆಟ್ಟಲ್ಲಿ ತೂಕ ಇಲ್ಲ. ಊಟ ಇಲ್ದೆ ಹೊಡೀತಾವ್ನೆ ಕಣಪ್ಪ. ಬದುಕವ್ನೆ. ಆದ್ರೆ ಸೊರಗವ್ನೆ.’

ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ಲೋಕೇಶ, ‘ಅಪ್ಪಾ, ನೀನೂ ಅವರ ಕಡೆ ಸೇರ್ಕೊಂಡ್ಯಾ’ ಎಂದು ಕೂಗಿದ. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ‘ಎರಡು ವರ್ಸದಿಂದ ಉಂಡಿಲ್ವಂತೆ ಕಣೇ ತಿಮ್ಮ’ ಎಂದು ದೊಡ್ಡಮ್ಮನ ಕೈ ಹಿಡಿದುಕೊಂಡಳು. ದೊಡ್ಡಮ್ಮನೂ ಮೂಗೊರೆಸಿಕೊಂಡರು.

ಆಗ ಬಾಗಿಲ ಕಡೆಯಿಂದ ಠಣ್ ಎಂದು ಸದ್ದಾಯಿತು. ಶೈಲಾ ಕಾಫಿಯ ತಟ್ಟೆಯನ್ನು ಟೇಬಲ್ಲಿನ ಮೇಲೆ ಕುಕ್ಕಿದ್ದಳು. ಅವಳು ಯಾವಾಗ ಬಂದು ನಿಂತಳೋ ದೇವರೇ ಬಲ್ಲ. ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಗುಲಾಬಿ ಬಣ್ಣದ ಸೀರೆಯುಟ್ಟು, ಮಲ್ಲಿಗೆ ಮುಡಿದು, ಅರ್ಧ ಗಂಟೆಯಿಂದಲಾದರೂ ಅವಳು ಅಲ್ಲೇ ನಿಂತಿದ್ದಿರಬೇಕು. ಆರು ಜನರಲ್ಲಿ ಒಬ್ಬರೂ ಅವಳ ಕಡೆ ತಿರುಗಿರಲಿಲ್ಲ. ಅವಳ ಕಣ್ಣು ತುಂಬಿತ್ತು. ಅಪ್ಪ ಹೋದಮೇಲೆ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ.

‘ಒಂದು ಪ್ರಶ್ನೆ ಕೇಳ್ಲಾ?’ ಎಂದಳು ಲೋಕೇಶನಿಗೆ. ಕ್ಲಾಸಿನ ದನಿ. ಅವನು ಎದ್ದು ನಿಂತ. ಆಯಿತು, ಇದೂ ಮಗ್ಗಿಯ ದಾರಿ ಹಿಡಿಯಿತು ಎಂದುಕೊಂಡೆ.

‘ನಾಳೆ ನಾನು ಲಿಫ್ಟಲ್ಲಿ ಸಿಕ್ಹಾಕ್ಕೊಂಡ್ರೆ ನೀವೇನ್ ಮಾಡ್ತೀರಾ? ನಮ್ಮಣ್ಣನ ಜೊತೆ ಎರಡು ವರ್ಷ ವಾದ ಮಾಡ್ಕೊಂಡು ಕೂರ್ತೀರಾ?’

ಹುಡುಗ ನನ್ನ ಕಡೆ ನೋಡಿದ, ಅಪ್ಪನ ಕಡೆ ನೋಡಿದ, ಆಮೇಲೆ ಆ ದಿನ ಮೊದಲ ಸಲ ಅವಳ ಕಡೆ ನೋಡಿದ. ನೋಡುತ್ತಲೇ ಇದ್ದ. ‘ಇಲ್ಲ ರೀ’ ಎಂದ. ‘ಮೊದಲು ಮೆಟ್ಲಿಳಿದು ಬರ್ತೀನಿ. ನಿಮಗೆ ಕೇಳೋ ಹಂಗೆ ಬಾಗಿಲು ತಟ್ತಾ ಇರ್ತೀನಿ. ತೆಗೆಯೋಕೆ ಬರುತ್ತೋ ಇಲ್ವೋ ಗೊತ್ತಿಲ್ಲ, ಆದ್ರೆ ನಾನು ಆ ಕಡೆ ನಿಂತಿದೀನಿ ಅಂತ ನಿಮಗೆ ಗೊತ್ತಾಗುತ್ತಲ್ಲ.’

ಶೈಲಾ ತಟ್ಟೆ ಎತ್ತಿಕೊಂಡು, ‘ಕಾಫಿ ಆರಿದೆ. ಬಿಸಿ ಮಾಡ್ಕೊಂಡು ಬರ್ತೀನಿ, ಇರಿ’ ಎಂದು ಒಳಗೆ ಹೋದಳು. ಆ ಇರಿ ಎಂಬುದರಲ್ಲೇ ಮದುವೆ ಗೊತ್ತಾಯಿತು.

ಮದುವೆ ಗುಬ್ಬಿಯಲ್ಲೇ ಆಯಿತು. ಶಾಸ್ತ್ರದಂತೆ ಅಪ್ಪನ ಜಾಗದಲ್ಲಿ ನಾನು ಕೂತು ವರನ ಪಾದ ತೊಳೆಯಬೇಕಿತ್ತು. ಹಿಂದಿನ ದಿನವೆಲ್ಲ ಯೋಚಿಸಿದ್ದೆ. ತಂಗಿಯ ಬಾಳಿಗಿಂತ ಒಂದು ಗೊಂಬೆಯ ಜೀವ ಹೆಚ್ಚೇ? ಹಾಗಾಗಿ ಸೈಬರ್ ಕೆಫೆಗೆ ಹೋಗಿ, ‘ನಾನು ಸೋತೆ. ಟಿಂಬೋ ಸತ್ತಿದ್ದಾನೆ’ ಎಂದು ಚರ್ಚಾಕೂಟದಲ್ಲಿ ಬರೆದು ಬಂದಿದ್ದೆ. ಈಗ ತಾಮ್ರದ ತಟ್ಟೆಯಲ್ಲಿ ಲೋಕೇಶನ ಪಾದ ಹಿಡಿದು, ಪುರೋಹಿತರ ಮಂತ್ರದ ನಡುವೆ ಮೆಲ್ಲಗೆ, ‘ಭಾವ, ಒಪ್ಕೊಂಡಿದೀನಿ. ಅವನು ಸತ್ತಿದಾನೆ’ ಎಂದೆ.

ಬಾಸಿಂಗದ ಹಿಂದಿನಿಂದ ಅವನು ಗಾಬರಿಯಾಗಿ ಬಗ್ಗಿದ. ‘ಅಯ್ಯೋ! ನಿಮಗೆ ಬೇಜಾರಾಗಬಾರ್ದು ಅಂತ ನಾನೇ ಬೆಳಿಗ್ಗೆ ಬರೆದು ಬಂದ್ನಲ್ಲ, ಬದುಕಿದಾನೆ ಅಂತ!’

‘ನೋಡಿ ಬರೀಬಾರ್ದಾ? ನಾನು ನಿನ್ನೆ ಸಂಜೇನೇ ಹಾಕಿದೀನಿ.’

‘ಈಗ ವಾಪಸ್ ತಗೊಂಡ್ರೆ ಮರ್ಯಾದೆ ಇರುತ್ತಾ? ಅವನು ಬದುಕಿದಾನೆ, ಅಷ್ಟೇ.’

‘ಸತ್ತಿದಾನೆ’ ಎಂದೆ, ಪಾದವನ್ನು ಸ್ವಲ್ಪ ಬಿಗಿಯಾಗಿಯೇ ಹಿಡಿದು. ಪುರೋಹಿತರು ಮಂತ್ರ ನಿಲ್ಲಿಸಿ, ಇನ್ನೊಂದು ಕಾಲು ತೊಳೆಯಿರಿ ಎಂದರು.

ಅದಾಗಿ ಈಗ ನಾಲ್ಕು ತಿಂಗಳು. ಹಬ್ಬಕ್ಕೆ ಬಂದಾಗಲೆಲ್ಲ ಭಾವ ಸರಪಳಿಯ ಸದ್ದನ್ನು ಮುಂದಿಟ್ಟು, ಅಪ್ಪನ ತೀರ್ಪನ್ನು ಉದ್ಧರಿಸಿ, ಟಿಂಬೋ ಬದುಕಿದ್ದಾನೆಂದು ಸಾಧಿಸುತ್ತಾನೆ. ನಾನು ಅದೇ ಸೈಬರ್ ಕೆಫೆಯಲ್ಲಿ ಕೂತು, ಊಟ ನಿದ್ದೆ ಬಿಟ್ಟು ಕಟ್ಟಿದ್ದ ನನ್ನವೇ ವಾದಗಳನ್ನು ಒಂದೊಂದಾಗಿ ಕೆಡವುತ್ತಿದ್ದೇನೆ. ಬಹಳ ಕಷ್ಟವಾಗಬಹುದು ಎಂದುಕೊಂಡಿದ್ದೆ. ಅಷ್ಟೇನೂ ಇಲ್ಲ. ಒಂದೊಂದಕ್ಕೆ ಐದು ನಿಮಿಷ ಹಿಡಿಯುತ್ತಿದೆ.